ವಿ-ಕ್ರಾಸ್‌ಗೆ 3 ಇಂಚಿನ ಸೈಲೆನ್ಸರ್: ಕ್ಯಾಬಿನ್‌ನಲ್ಲಿ ಗುಂಯ್ ಶಬ್ದ, ಹೊಗೆ ವಾಸನೆ, ಘಾಟಿಯಲ್ಲಿ ಎಳೆತ ಕಮ್ಮಿ

ಕಾಪು ಪಿಕಪ್:

ಎಲ್ಲರಿಗೂ ನಮಸ್ಕಾರ. ನನ್ನದು 2017ರ ಇಸುಜು ವಿ-ಕ್ರಾಸ್ ಪಿಕಪ್, 2.5 ಲೀಟರ್ ಡೀಸೆಲ್, ಬಿಎಸ್4 (ಬಿಎಸ್6ಕ್ಕೆ ಮೊದಲಿನ ಹೊಗೆ ನಿಯಮದ್ದು). 2 ಇಂಚು ಎತ್ತರ ಮಾಡಿಸಿದ್ದೇನೆ, ಸ್ನಾರ್ಕೆಲ್ (ಎಂಜಿನ್‌ಗೆ ಮೇಲಿಂದ ಗಾಳಿ ಎಳೆಯುವ ಕೊಳವೆ) ಉಂಟು, 245/70 ಆರ್16 ಟಯರ್ ತೆಗೆದು 265/75 ಆರ್16 ಹಾಕಿದ್ದೇನೆ. ರೀಮ್ಯಾಪ್, ಅಂದ್ರೆ ಎಂಜಿನ್ ಕಂಪ್ಯೂಟರಿನ ಟ್ಯೂನಿಂಗ್, ಮಾಡಿಸ್ಲಿಲ್ಲ.

ಕಂಪನಿ ಸೈಲೆನ್ಸರ್ ತುಕ್ಕು ಹಿಡಿದು ಮಫ್ಲರಿನ (ಶಬ್ದ ಅಡಗಿಸುವ ಡಬ್ಬಿ) ಜೋಡಣೆಯಲ್ಲೇ ತೂತು ಬಿದ್ದಿತ್ತು. ಹೇಗೂ ಬದಲಿಸ್ಲಿಕ್ಕೆ ಉಂಟಲ್ಲ ಅಂತ ಒಂದು ಗ್ಯಾರೇಜಿನಲ್ಲಿ ಕ್ಯಾಟ್‌ನಿಂದ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಹಿಂದಕ್ಕೆ ಪೂರ್ತಿ 3 ಇಂಚಿನ ಪೈಪ್ ಮಾಡಿಸಿದೆ. ಕೊನೆಗೆ ಒಂದು ಸಣ್ಣ ಎಂಡ್ ಕ್ಯಾನ್ (ಬಾಯಿಯ ಹತ್ರದ ಸಣ್ಣ ಮಫ್ಲರ್). ಪೈಪ್ ಹಿಂದಿನ ಚಕ್ರದ ಮುಂದೆ, ಸಾಮಾನು ಹಾಕುವ ಟ್ರೇಯ ಅಡಿಯಲ್ಲೇ ಮುಗೀತದೆ.

ಈಗ ಹೈವೇಯಲ್ಲಿ 1,900ರಿಂದ 2,100 ಆರ್‌ಪಿಎಂ ಹತ್ರ ಬಂದ್ರೆ ಕಿವಿಯೊಳಗೆ ಗುಂಯ್ ಅಂತದೆ. ಪಡುಬಿದ್ರೆಯಿಂದ ಸುರತ್ಕಲ್ ಮುಟ್ಟುವಾಗ ತಲೆ ಭಾರ. ಗಾಡಿ ನಿಧಾನ ಇದ್ದಾಗ ಒಳಗೆ ಹೊಗೆ ವಾಸನೆ, ಹಿಂದಿನ ಸೀಟಿನಲ್ಲಿದ್ದ ಮಗಳಿಗೆ ಎರಡು ಸಲ ವಾಂತಿ ಆಯ್ತು. ಶಿರಾಡಿ ಘಾಟಿಯಲ್ಲಿ ಮೊದಲಿನ ಎಳೆತ ಇಲ್ಲ, ಕಾಲು ಕೊಟ್ಟಾಗ ಸುಂಯ್ ಅಂತ ಸಣ್ಣ ಸೀಟಿ ಕೇಳ್ತದೆ. ಹಾಕಿಕೊಟ್ಟವರು "ಬ್ಯಾಕ್ ಪ್ರೆಶರ್ (ಹೊಗೆಗೆ ಪೈಪ್ ಕೊಡುವ ಎದುರೊತ್ತಡ) ಹೋಗಿದೆ, 2 ಇಂಚಿಗೆ ಇಳಿಸುವ" ಅಂತಾರೆ. ಇನ್ನೊಬ್ಬರು ಕ್ಯಾನ್ ದೊಡ್ಡದು ಮಾಡಿ ಅಂತಾರೆ. ಯಾವುದು ಸರಿ?

ಬೈಕಂಪಾಡಿ ಡೀಸೆಲ್:

ಮೊದಲು ಮಗಳ ವಿಷಯ. ಆ ವಾಸನೆ ನಿಲ್ಲುವವರೆಗೆ ಮಕ್ಕಳನ್ನು ಅದರಲ್ಲಿ ಕೂರಿಸ್ಬೇಡಿ ಮಾರಾಯ್ರೆ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರ್ತದೆ, ಅದಕ್ಕೆ ತನ್ನದೇ ವಾಸನೆ ಇಲ್ಲ. ನಿಮಗೆ ಮೂಗಿಗೆ ಹೊಡೆಯುವುದು ಜೊತೆಗೆ ಬರುವ ಉಳಿದ ಅನಿಲ.

2 ಇಂಚಿಗೆ ಇಳಿಸ್ಬೇಡಿ. ಟರ್ಬೊ ಅಂದ್ರೆ ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಗಾಳಿ ತುಂಬುವ ಚಕ್ರ. ಟರ್ಬೊ ಡೀಸೆಲ್‌ಗೆ ಅದನ್ನು ದಾಟಿದ ಮೇಲೆ ಬ್ಯಾಕ್ ಪ್ರೆಶರ್ ಬೇಕಾಗಿಯೇ ಇಲ್ಲ. ಟರ್ಬೈನಿಗೆ (ಹೊಗೆ ತಾಗಿ ತಿರುಗುವ ಚಕ್ರ) ಹೊಗೆ ಬರುವ ಕಡೆ ಒತ್ತಡ ಹೆಚ್ಚು, ಹೋಗುವ ಕಡೆ ಕಮ್ಮಿ ಇದ್ದಷ್ಟೂ ಅದು ಚೆನ್ನಾಗಿ ತಿರುಗ್ತದೆ. ಪೈಪ್ ದೊಡ್ಡದಾಯ್ತು ಅಂತ ಎಳೆತ ಹೋಗುವುದಿಲ್ಲ. ನಿಮ್ಮ ಸೀಟಿ ಶಬ್ದ ಬೇರೆ ಕಥೆ ಹೇಳ್ತಾ ಉಂಟು: ಟರ್ಬೊಗೆ ಮೊದಲೇ ಎಲ್ಲೋ ಲೀಕ್, ಇಲ್ಲವೇ ಇಂಟರ್‌ಕೂಲರ್ (ಟರ್ಬೊದ ಗಾಳಿ ತಣಿಸುವ ಭಾಗ) ಹೋಸ್ ಸಡಿಲ.

ಇನ್ನೊಂದು, ಟಯರ್. 245/70ರ ವ್ಯಾಸ ಸುಮಾರು 749 ಮಿಲಿಮೀಟರ್, 265/75ರದ್ದು 804. ಅಲ್ಲಿಗೆ ಶೇಕಡಾ 7ರಷ್ಟು ಗೇರಿಂಗ್ ಉದ್ದ ಆಯ್ತು. ಎಳೆತ ಅಷ್ಟು ಕಮ್ಮಿ ಆಗಿಯೇ ಆಗ್ತದೆ. ಅದೇ ವೇಗದಲ್ಲಿ ಆರ್‌ಪಿಎಂ ಕೂಡ ಅಷ್ಟು ಕೆಳಗೆ ಬಂತು, ಅಂದ್ರೆ ನೀವು ಹೈವೇಯಲ್ಲಿ ಓಡಿಸುವ ವೇಗ ಈಗ ಗುಂಯ್‌ಗುಟ್ಟುವ ಜಾಗದಲ್ಲೇ ಬಂದು ಕೂತಿರಬಹುದು.

ಈಗ ಆ ಗುಂಯ್. 4 ಸಿಲಿಂಡರ್ ಎಂಜಿನ್ 2,000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 67 ಸಲ ಉರೀತದೆ. ನಿಮ್ಮ ಕಿವಿಗೆ ಬೀಳುವುದು ಆ 67 ಹರ್ಟ್ಸ್. ಸಣ್ಣ ಕ್ಯಾನಿನೊಳಗೆ ತೂತಿನ ಪೈಪ್, ಸುತ್ತ ಗ್ಲಾಸ್ ವುಲ್ ಅಷ್ಟೇ. ಅದು ಕರ್ಕಶ ಶಬ್ದವನ್ನು ಹೀರ್ತದೆ, ಇಷ್ಟು ಕೆಳಗಿನ ಸ್ವರ ಅದಕ್ಕೆ ಸಿಗುವುದೇ ಇಲ್ಲ. ಅದೇ ಜಾತಿಯ ಇನ್ನೊಂದು ದೊಡ್ಡ ಕ್ಯಾನ್ ಹಾಕಿದ್ರೂ ಹೆಚ್ಚು ವ್ಯತ್ಯಾಸ ಬಾರದು. ದಾರಿ ಎರಡು. ಒಳಗೆ ಕೋಣೆಗಳಿರುವ ಮಫ್ಲರ್ ನಡುವೆ ಹಾಕುವುದು, ಅಥವಾ ಪೈಪಿಗೆ ಬದಿಯಲ್ಲಿ ಒಂದು ಕುರುಡು ಕೊಳವೆ ಬೆಸೆಯುವುದು. ಆ ಕೊಳವೆ ಶಬ್ದದ ಅಲೆಯ ಕಾಲು ಭಾಗ ಉದ್ದ ಇರ್ಬೇಕು. ಬಿಸಿ ಹೊಗೆಯಲ್ಲಿ 67 ಹರ್ಟ್ಸ್‌ಗೆ ಅದು ಒಂದೂಮುಕ್ಕಾಲು ಮೀಟರ್ ಹತ್ರ ಆಗ್ತದೆ. ಲಿಫ್ಟ್ ಗಾಡಿಯ ಅಡಿಯಲ್ಲಿ ಅಷ್ಟು ಉದ್ದದ ಕೊಳವೆಯನ್ನು ಕಲ್ಲಿಗೆ ತಾಗದ ಹಾಗೆ ಕೂರಿಸುವುದು ಕಷ್ಟ, ಹಾಗಾಗಿ ನಾನಾದರೆ ಕೋಣೆ ಮಫ್ಲರೇ ಹಾಕಿಸುವುದು.

ಒಂದು ಪ್ರಶ್ನೆ: ಡೌನ್‌ಪೈಪ್ (ಟರ್ಬೊದಿಂದ ಕೆಳಗೆ ಇಳಿಯುವ ಪೈಪ್) ಹತ್ರ ಇದ್ದ ಬೆಲ್ಲೋಸ್, ಅಂದ್ರೆ ಬಾಗುವ ಸುಕ್ಕು ಪೈಪ್, ಉಳಿಸಿದ್ದಾರಾ? ಪೈಪ್ ತೂಗುವ ರಬ್ಬರ್ ಹ್ಯಾಂಗರ್ ಎಷ್ಟು ಉಂಟು? ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಒಬ್ಬರು ದಪ್ಪ ಒದ್ದೆ ಗೋಣಿಯಲ್ಲಿ ಹಿಂದಿನ ಬಾಯಿಯನ್ನು ಒಂದೆರಡು ಕ್ಷಣ ಅದುಮಿ ಹಿಡೀಲಿ, ನೀವು ಜೋಡಣೆಗಳಿಗೆ ಸಾಬೂನು ನೀರು ಚಿಮುಕಿಸಿ ನೋಡಿ. ಮ್ಯಾನಿಫೋಲ್ಡ್ (ಎಂಜಿನ್‌ನಿಂದ ಹೊಗೆ ಒಟ್ಟಾಗಿ ಹೊರಡುವ ಭಾಗ) ಹತ್ರ ಟಾರ್ಚ್ ಹಿಡಿದು ಮಸಿ ಗೆರೆ ಹುಡುಕಿ. ಕೈ ಹಾಕ್ಬೇಡಿ, ಕಣ್ಣಲ್ಲೇ ನೋಡಿ.

ಮಲ್ಪೆ ವೆಲ್ಡಿಂಗ್:

ಪೈಪ್ ಯಾವ ಲೋಹ ಅಂತ ಹೇಳ್ಲೇ ಇಲ್ಲ ನೀವು. ಅಯಸ್ಕಾಂತ ಹಿಡಿದು ನೋಡಿ. ಗಟ್ಟಿ ಕಚ್ಚಿಕೊಂಡ್ರೆ ಮೈಲ್ಡ್ ಸ್ಟೀಲ್ ಅಥವಾ 409 ದರ್ಜೆಯ ಸ್ಟೇನ್‌ಲೆಸ್. ಕಡಲ ಬದಿಯ ಉಪ್ಪು ಗಾಳಿ, ಮೇಲೆ ನಾಲ್ಕು ತಿಂಗಳ ಮಳೆ, ಅದರಲ್ಲಿ ಮೈಲ್ಡ್ ಸ್ಟೀಲ್ ಬಾಳಿಕೆ ಬರುವುದಿಲ್ಲ. 304 ದರ್ಜೆಯ ಸ್ಟೇನ್‌ಲೆಸ್ ಹಾಕಿಸಿ. 304 ಪೈಪನ್ನು ಮೈಲ್ಡ್ ಸ್ಟೀಲ್ ಫ್ಲ್ಯಾಂಜಿಗೆ ಬೆಸೆಯುವಾಗ 309ಎಲ್ ರಾಡ್ ಕೇಳಿ ಹಾಕಿಸಿ, ಇಲ್ಲದಿದ್ರೆ ಬೆಸುಗೆಯ ಅಂಚಿನಲ್ಲೇ ಬಿರುಕು ಬರ್ತದೆ. ಟಿಗ್ ವೆಲ್ಡಿಂಗ್ (ಆರ್ಗಾನ್ ಗ್ಯಾಸ್ ಬಿಟ್ಟು ಮಾಡುವ ಬೆಸುಗೆ) ಮಾಡುವಾಗ ಪೈಪಿನ ಒಳಗೂ ಆರ್ಗಾನ್ ಬಿಡ್ಬೇಕು. ಒಳಗಿನ ಬೆಸುಗೆ ಕಪ್ಪಾಗಿ ಉಬ್ಬಿ ಸಕ್ಕರೆಯ ಹಾಗೆ ಕಂಡ್ರೆ ಅಲ್ಲಿಂದಲೇ ತುಕ್ಕು ಶುರು. ಬೋಟಿನ ಸ್ಟೇನ್‌ಲೆಸ್ ಕೆಲಸ ಮಾಡುವ ಎಷ್ಟೋ ಜನರಿಗೆ ಇದು ಕೈಕೆಲಸವೇ, ಸೈಲೆನ್ಸರ್ ಅಂಗಡಿಯೇ ಆಗ್ಬೇಕು ಅಂತ ಇಲ್ಲ.

ಪೈಪಿಗೆ ಬಟ್ಟೆ ಪಟ್ಟಿ ಸುತ್ತಿಸ್ಬೇಡಿ. ನಮ್ಮ ಮಳೆಗೆ ಅದು ನೀರು ಹಿಡಿದಿಟ್ಟುಕೊಳ್ತದೆ. ಬ್ರೇಕ್ ಲೈನ್, ಡೀಸೆಲ್ ಟ್ಯಾಂಕ್ ಹತ್ರ ತಗಡಿನ ಹೀಟ್ ಶೀಲ್ಡ್ ಸಾಕು. ಬೀಚಿಗೆ ಇಳಿಸಿದ ದಿನ ಮನೆಗೆ ಬಂದು ಅಡಿಗೆ ಸಿಹಿನೀರು ಹಾರಿಸಿ.

ಕಾಪು ಪಿಕಪ್:

ಅಣ್ಣ, ಸಿಕ್ತು! ಮ್ಯಾನಿಫೋಲ್ಡ್‌ಗೆ ಟರ್ಬೊ ಕೂರುವ ಜಾಗದಲ್ಲಿ ಬೆರಳಗಲದ ಕಪ್ಪು ಗೆರೆ. ಒಂದು ಸ್ಟಡ್ (ಟರ್ಬೊ ಬಿಗಿಯುವ ಬೋಲ್ಟ್) ತುಂಡಾಗಿದೆ, ಇನ್ನೊಂದರ ನಟ್ ಕೈಯಲ್ಲೇ ತಿರುಗ್ತದೆ. ಬೆಲ್ಲೋಸ್ ಇಲ್ಲ, ಅದನ್ನು ತುಂಡು ಮಾಡಿ ನೇರ ಪೈಪ್ ಬೆಸೆದಿದ್ದಾರೆ. ಹ್ಯಾಂಗರ್ ಎರಡೇ. ಅಯಸ್ಕಾಂತ ಗಟ್ಟಿ ಅಂಟಿತು.

ಬೈಕಂಪಾಡಿ ಡೀಸೆಲ್:

ಸೀಟಿ, ವಾಸನೆ, ಎಳೆತ ಕಮ್ಮಿ ಆದದ್ದು, ಇವುಗಳ ಬೇರು ಅದೇ, ಬೆಲ್ಲೋಸ್ ತೆಗೆದದ್ದು. ಎಂಜಿನ್ ರಬ್ಬರ್ ಮೌಂಟ್ ಮೇಲೆ ಅಲುಗಾಡ್ತದೆ, ಪೈಪ್ ಚಾಸಿಸ್‌ಗೆ ತೂಗಿರ್ತದೆ. ನಡುವೆ ಬೆಲ್ಲೋಸ್ ಇಲ್ಲದಿದ್ರೆ ಆ ಭಾರ, ಆ ಎಳೆದಾಟ ಎಲ್ಲ ಟರ್ಬೊ ಸ್ಟಡ್‌ಗಳ ಮೇಲೆ. ತಿರುವು ತಿರುವಿಗೂ ಅವನ್ನು ಜಗ್ಗಿದ ಹಾಗೆ ಆಗಿದೆ. ಟರ್ಬೊ ತಿರುಗಿಸ್ಬೇಕಾದ ಹೊಗೆ ಹೊರಗೆ ಹೋಯ್ತು, ಎಳೆತ ಕಮ್ಮಿ ಆಯ್ತು. ಬಾನೆಟ್ ಒಳಗಿನ ಆ ಹೊಗೆಯೇ ಫ್ರೆಶ್ ಏರ್ ದಾರಿಯಲ್ಲಿ ಕ್ಯಾಬಿನ್‌ಗೆ ಬಂತು. ಟ್ರೇಯ ಅಡಿಯಲ್ಲಿ ಮುಗಿಯುವ ಪೈಪ್ ಅದಕ್ಕೆ ಇನ್ನಷ್ಟು ಸೇರಿಸಿತು.

ಹಾಗಾಗಿ ಈ ಕ್ರಮದಲ್ಲಿ ಮಾಡಿಸಿ. ಮೊದಲು ಸ್ಟಡ್, ಹೊಸ ಗ್ಯಾಸ್ಕೆಟ್. ಆಮೇಲೆ ಬೆಲ್ಲೋಸ್. ಅಷ್ಟಾದ ಮೇಲೆ ಪೈಪಿನ ಮಾತು. ರೀಮ್ಯಾಪ್ ಇಲ್ಲದ 134 ಅಶ್ವಶಕ್ತಿಗೆ 2.5 ಇಂಚು ಧಾರಾಳ ಸಾಕು. ತೂಕ ಕಮ್ಮಿ, ಲೀಫ್ ಸ್ಪ್ರಿಂಗ್ ಮತ್ತು ಆಕ್ಸಲ್ ಮೇಲೆ ಹಾಯಿಸ್ಲಿಕ್ಕೂ ಜಾಗ ಸಿಗ್ತದೆ. ಮುಂದೆ 180 ಅಶ್ವಶಕ್ತಿಯ ಮೇಲೆ ಟ್ಯೂನ್ ಮಾಡಿಸುವ ಆಲೋಚನೆ ಗಟ್ಟಿ ಇದ್ರೆ ಮಾತ್ರ 3 ಇಂಚು. ನಡುವೆ ಕೋಣೆ ಮಫ್ಲರ್, ಹ್ಯಾಂಗರ್ ನಾಲ್ಕಾದರೂ ಇರ್ಲಿ, ಬಾಯಿ ಹಿಂದಿನ ಬಂಪರ್ ದಾಟಿ ಹೊರಗೆ ಬರ್ಲಿ, ಡಿಪಾರ್ಚರ್ ಕೋನಕ್ಕೆ (ಇಳಿಜಾರಿನಲ್ಲಿ ಹಿಂಭಾಗ ನೆಲಕ್ಕೆ ತಾಗದ ಹಾಗೆ) ಸ್ವಲ್ಪ ಮೇಲೆತ್ತಿ ಕೊಡಿಸಿ. ಕ್ಯಾಟ್ ಮುಟ್ಟಿಸ್ಬೇಡಿ. ಇದನ್ನು ಓದುವ ಬಿಎಸ್6 ಗಾಡಿಯವರು ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕೂಡ ಮುಟ್ಟಿಸ್ಬೇಡಿ. ಏನು ಮಾಡಿಸುವುದಿದ್ರೂ ಅದರ ಹಿಂದೆ.

ಶಬ್ದ ಕಂಪನಿ ಮಟ್ಟದಲ್ಲೇ ಇರ್ಲಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 190(2)ರಲ್ಲಿ ಶಬ್ದ, ಹೊಗೆ ಮಿತಿ ಮೀರಿದ್ರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡಕ್ಕೂ 3 ತಿಂಗಳು ಲೈಸೆನ್ಸ್ ಅನರ್ಹ ಮಾಡ್ಲಿಕ್ಕೂ ಅವಕಾಶ ಉಂಟು.

ಕಾಪು ಪಿಕಪ್:

ಹತ್ತು ದಿನ ಆಯ್ತು. ಸ್ಟಡ್, ಗ್ಯಾಸ್ಕೆಟ್, ಬೆಲ್ಲೋಸ್ ಮುಗೀತು. 304ರಲ್ಲಿ 2.5 ಇಂಚು, ಬಾಯಿ ಬಂಪರ್ ಹೊರಗೆ. ನಿನ್ನೆ ಸಕಲೇಶಪುರಕ್ಕೆ ಹೋಗಿ ಬಂದೆ. ಸೀಟಿ ಇಲ್ಲ, ಮೂರನೇ ಗೇರಿನಲ್ಲಿ ಹತ್ತುವ ಕಡೆ ಮೂರರಲ್ಲೇ ಹತ್ತಿತು. 1,950ರ ಹತ್ರ ಸಣ್ಣ ಗುನುಗು ಉಳಿದಿದೆ, ಮಾತಾಡ್ಲಿಕ್ಕೆ ತೊಂದರೆ ಇಲ್ಲ. ಮಗಳು ಗುಂಡ್ಯ ದಾಟುವ ಮೊದಲೇ ಹಿಂದಿನ ಸೀಟಿನಲ್ಲಿ ನಿದ್ರೆ ಮಾಡಿದ್ದಳು.