ತೋಟಕ್ಕೆ ದೊಡ್ಡ ಕತ್ತಿ: ಹಿಡಿ ಮರದ್ದೋ, ಮಿಕಾರ್ಟಾದ್ದೋ?

ಪ್ರಶ್ನೆ (ಸೋಮವಾರಪೇಟೆ): ನಮ್ಮದು ಕಾಫಿ, ಮೆಣಸು. ಕಾಡು ಸವರಲು, ನೆರಳು ಮರದ ಸಣ್ಣ ಕೊಂಬೆ ಕಡಿಯಲು 10 ಇಂಚು ಅಲಗಿನ, ಮಡಚದ ಕತ್ತಿ ಬೇಕು. ಮರದ ಹಿಡಿ ಕೈಗೆ ಹಿತ, ಆದರೆ ಇಲ್ಲಿಯ ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಒಣಗಿ ಸಡಿಲವಾಗುತ್ತದೆ ಅಲ್ವಾ? ನಿಮಗೆ ಯಾವುದು ಇಷ್ಟ?

ವಿರಾಜಪೇಟೆಯಿಂದ: ಮಿಕಾರ್ಟಾ ತಗೊಳ್ಳಿ ಅಣ್ಣ. ಬಟ್ಟೆ ಅಥವಾ ಕಾಗದದ ಪದರಗಳಿಗೆ ರೆಸಿನ್ ಹಾಕಿ ಒತ್ತಿ ಮಾಡಿದ್ದು, ಮಳೆಗೆ ಜಗ್ಗಲ್ಲ. ಪಾಲಿಶ್ ಮಾಡದ ಕ್ಯಾನ್ವಾಸ್ ಮಿಕಾರ್ಟಾ ಆದರೆ ಒದ್ದೆ ಕೈಯಲ್ಲೂ ಅಷ್ಟು ಜಾರುವುದಿಲ್ಲ. ಫಳಫಳ ಹೊಳೆಯುವುದು ಸುಮ್ನೆ ಶೋಕಿಗೆ.

ಮಡಿಕೇರಿಯಿಂದ: ನನಗಂತೂ ಮರವೇ. ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಏಳುವುದು ಜಾಸ್ತಿ ಹಿಡಿಯ ಆಕಾರದಿಂದ. ತುದಿ ಸ್ವಲ್ಪ ಕೆಳಕ್ಕೆ ಬಾಗಿದ್ದರೆ ಬೀಸುವಾಗ ಕೈ ಜಾರದೆ ಅಲ್ಲೇ ನಿಲ್ಲುತ್ತದೆ, ಬಿಗಿಯಾಗಿ ಹಿಡಿಯಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆ ಅಗಸೆ ಎಣ್ಣೆ ಉಜ್ಜಿ, ಸಾಕು. ಅಂದಕ್ಕೆ ಕೊಡವರ ಸಾಂಪ್ರದಾಯಿಕ ಒಡಿಕತ್ತಿಗೆ ಸಾಟಿಯಿಲ್ಲ, ಬೆನ್ನ ಹಿಂದೆ ಹಿತ್ತಾಳೆ ಕೊಕ್ಕೆಯಾದ ತೋಡಂಗ್‌ಗೆ ಸಿಕ್ಕಿಸಿದರೆ ನೋಡಬೇಕು! ಆದರೆ ಅದು ಮದುವೆಯಲ್ಲಿ ಬಾಳೆ ಕಡಿಯುವುದಕ್ಕೇ ಇರಲಿ.

ಕುಶಾಲನಗರದಿಂದ: ಜಿಂಕೆ ಕೊಂಬಿನ ಹಿಡಿ ಅಂತ ಯಾರಾದರೂ ತೋರಿಸಿದರೆ ಮುಟ್ಟಬೇಡಿ, 1972ರ ವನ್ಯಜೀವಿ ಕಾಯ್ದೆ ಇದೆ. ಮತ್ತೆ, ಅಲಗಿನ ಉಕ್ಕು ಹಿಡಿಯ ತುದಿವರೆಗೂ ಬಂದಿದೆಯಾ ನೋಡಿಕೊಂಡೇ ದುಡ್ಡು ಕೊಡಿ.