ಟವರ್ ಎತ್ತರ ದುಪ್ಪಟ್ಟು ಮಾಡಿದರೂ ಗೋಬರ್ ಗ್ಯಾಸ್‌ನ ಇಂಗಾಲದ ಡೈಆಕ್ಸೈಡ್ ಇಳಿಯುತ್ತಿಲ್ಲ

ಅಂತಿಮ_ವರ್ಷ_ಕೆಮಿಕಲ್:
ಎಲ್ಲರಿಗೂ ನಮಸ್ಕಾರ. ಗೋಬರ್ ಗ್ಯಾಸನ್ನು ನೀರಿನಲ್ಲಿ ತೊಳೆದು ಶುದ್ಧಗೊಳಿಸುವುದು, ಅಂದರೆ ಇಂಗಾಲದ ಡೈಆಕ್ಸೈಡ್ ತೆಗೆದು ಉರಿಯುವ ಮೀಥೇನ್ ಉಳಿಸುವುದು, ನಮ್ಮ ಪ್ರಾಜೆಕ್ಟ್. 110 ಮಿ.ಮೀ. ಪಿವಿಸಿ ಪೈಪಿನ ಟವರ್, ಒಳಗೆ 25 ಮಿ.ಮೀ. ಪೈಪಿನ ತುಂಡುಗಳ ಪ್ಯಾಕಿಂಗ್. ಗ್ಯಾಸ್ ಕೆಳಗಿನಿಂದ ಗಂಟೆಗೆ 1 ಘನ ಮೀಟರ್, ನೀರು ಮೇಲಿನಿಂದ ನಿಮಿಷಕ್ಕೆ 10 ಲೀಟರ್. ನೀರು 200 ಲೀಟರ್ ಡ್ರಮ್ಮಿಗೆ ಬಿದ್ದು ಪಂಪಿನ ಮೂಲಕ ಮತ್ತೆ ಮೇಲೇರುತ್ತದೆ. ಒತ್ತಡ ಕೊಟ್ಟಿಲ್ಲ. ನೀರಿನ ಉಷ್ಣತೆ 30 ಡಿಗ್ರಿ.

ಒಳಹೋಗುವ ಗ್ಯಾಸ್‌ನಲ್ಲಿ ಇಂಗಾಲದ ಡೈಆಕ್ಸೈಡ್ ಶೇ. 40. ಶುರುವಿನಲ್ಲಿ ಅದು ಶೇ. 32ಕ್ಕೆ ಇಳಿಯುತ್ತದೆ, ಅರ್ಧ ಗಂಟೆಯಲ್ಲಿ ಮತ್ತೆ 38ಕ್ಕೆ ಏರುತ್ತದೆ. ಪ್ಯಾಕಿಂಗ್ ಎತ್ತರವನ್ನು 1.5 ಮೀಟರಿನಿಂದ 3 ಮೀಟರಿಗೆ ಏರಿಸಿದೆವು. ಶುರುವಿನ ಅಂಕಿ 31 ಆಯಿತು, ಅಷ್ಟೇ. ಸಿರಿಂಜಿನಲ್ಲಿ ಗ್ಯಾಸ್ ಹಿಡಿದು, ಕಾಸ್ಟಿಕ್ ಸೋಡಾ ದ್ರಾವಣ ಎಳೆದು ಕುಲುಕಿ, ಎಷ್ಟು ಕುಗ್ಗಿತೆಂದು ಅಳೆಯುತ್ತಿದ್ದೇವೆ. ಇನ್ನೂ ಎತ್ತರ ಬೇಕೇ?

ಹಳೆಯ_ಪ್ಲಾಂಟ್_ಎಂಜಿನಿಯರ್:
ಬೇಡ. ಪೈಪಿಗೆ ಇನ್ನು ಒಂದು ರೂಪಾಯಿಯನ್ನೂ ಹಾಕಬೇಡಿ. ಇಷ್ಟು ಅಂಕಿ ಕೊಟ್ಟು ಕೇಳಿದ್ದೀರಿ, ಹಾಗಾಗಿ ಲೆಕ್ಕ ಹಾಕಿಯೇ ಹೇಳುತ್ತೇನೆ.

30 ಡಿಗ್ರಿಯಲ್ಲಿ, ಸಾಮಾನ್ಯ ವಾಯುಒತ್ತಡದಲ್ಲಿ, ಶುದ್ಧ ಇಂಗಾಲದ ಡೈಆಕ್ಸೈಡ್ ಒಂದು ಲೀಟರ್ ನೀರಿಗೆ ಸುಮಾರು 0.7 ಲೀಟರ್ ಕರಗುತ್ತದೆ. ನಿಮ್ಮ ಗ್ಯಾಸ್‌ನಲ್ಲಿ ಅದರ ಪಾಲು ಶೇ. 40 ಮಾತ್ರ. ಹೆನ್ರಿ ನಿಯಮದ ಪ್ರಕಾರ ಕರಗುವುದೂ ಅಷ್ಟೇ ಪಾಲು, ಅಂದರೆ 0.28 ಲೀಟರ್. ಗಂಟೆಗೆ 600 ಲೀಟರ್ ಹೊಸ ನೀರು ಹರಿಸಿದರೂ ಅದು ಹೊತ್ತೊಯ್ಯಬಲ್ಲದ್ದು ಹೆಚ್ಚೆಂದರೆ 168 ಲೀಟರ್. ನಿಮ್ಮ ಗ್ಯಾಸ್‌ನಲ್ಲಿರುವುದು 400 ಲೀಟರ್! ಮಿಕ್ಕ 232 ಲೀಟರ್, 600 ಲೀಟರ್ ಮೀಥೇನ್ ಜೊತೆ ಮೇಲಿನಿಂದ ಹೊರಬರಲೇಬೇಕು. ಟವರ್ ಮೋಡ ಮುಟ್ಟಿದರೂ ಹೊರಗಿನ ಅಂಕಿ ಶೇ. 28ಕ್ಕಿಂತ ಕೆಳಗಿಳಿಯದು. ನೀವು 31 ತಲುಪಿದ್ದೀರಿ ಎಂದರೆ ಟವರ್ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ.

ಇನ್ನು ಅರ್ಧ ಗಂಟೆಯ ವಿಷಯ. ಡ್ರಮ್ಮಿನ 200 ಲೀಟರ್ ನೀರು ಹಿಡಿಯುವುದು ಒಟ್ಟು 56 ಲೀಟರ್ ಅನಿಲ. ಆಮೇಲೆ ಅದು ತುಂಬಿದ ಕೊಡ. ತುಂಬಿದ ನೀರನ್ನೇ ಮತ್ತೆ ಮೇಲಿನಿಂದ ಸುರಿಯುತ್ತಿದ್ದೀರಿ.

ಖಚಿತಪಡಿಸಿಕೊಳ್ಳಲು ಡ್ರಮ್ಮಿನ ನೀರನ್ನು ತೆಳುವಾದ ಪ್ಲಾಸ್ಟಿಕ್ ಬಾಟಲಿಗೆ ಅರ್ಧ ತುಂಬಿಸಿ, ಮುಚ್ಚಳ ಬಿಗಿದು ಜೋರಾಗಿ ಕುಲುಕಿ. ಬಾಟಲಿಯ ಮೈ ಬೆರಳಿಗೆ ಗಟ್ಟಿಯಾಗಿ ಬಿಗಿಯುತ್ತದೆ, ಮುಚ್ಚಳ ಸಡಿಲಿಸಿದಾಗ ಸುಯ್ ಎನ್ನುತ್ತದೆ. ನಲ್ಲಿಯ ನೀರಿನಲ್ಲಿ ಹಾಗಾಗುವುದಿಲ್ಲ. ಹೊರಗೆ, ಮುಖದಿಂದ ದೂರ ಹಿಡಿದು ತೆರೆಯಿರಿ. ಅದರಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಕೂಡ ಇರುತ್ತದೆ. ಬಳಿಕ ನೀರನ್ನು ಡ್ರಮ್ಮಿಗೆ ಮರಳಿಸದೆ ನಲ್ಲಿಯಿಂದ ನೇರ ಹರಿಸಿ ನೋಡಿ.

ಲ್ಯಾಬ್_ಸಹಾಯಕ:
ನಡುವೆ ಬಂದದ್ದಕ್ಕೆ ಕ್ಷಮಿಸಿ ಸರ್. ನಮ್ಮಲ್ಲಿ ಅಮೋನಿಯಾ–ನೀರಿನ ಪ್ರಯೋಗದಲ್ಲಿ ಗ್ಯಾಸ್ ವೇಗ ಏರಿಸಿದರೆ ವರ್ಗಾವಣೆಯ ಗುಣಾಂಕ (ಅನಿಲ ಎಷ್ಟು ಬೇಗ ನೀರಿಗೆ ಸೇರುತ್ತದೆ ಎಂಬುದರ ಅಳತೆ) ಸುಧಾರಿಸುತ್ತದೆ. ಇಲ್ಲಿ ಅದು ನಡೆಯದೇ?

ಹಳೆಯ_ಪ್ಲಾಂಟ್_ಎಂಜಿನಿಯರ್:
ನಡೆಯದು, ಮತ್ತು ಕಾರಣ ತಿಳಿದುಕೊಳ್ಳುವಂಥದ್ದು. ಅಮೋನಿಯಾ ನೀರಿನಲ್ಲಿ ಎಷ್ಟು ಸುಲಭವಾಗಿ ಕರಗುತ್ತದೆಂದರೆ ತಡೆಯೆಲ್ಲ, ಅನಿಲ ಮತ್ತು ನೀರು ಕೂಡುವಲ್ಲಿ, ಅನಿಲದ ಕಡೆಯ ತೆಳು ಪದರದಲ್ಲೇ ಇರುತ್ತದೆ. ಇಂಗಾಲದ ಡೈಆಕ್ಸೈಡ್‌ನದು ತದ್ವಿರುದ್ಧ. ಗಾಳಿಯಲ್ಲಿ ಅದರ ವಿಸರಣಾ ಗುಣಾಂಕ (ಅಣುಗಳು ಹರಡುವ ವೇಗದ ಅಳತೆ) ಸೆಕೆಂಡಿಗೆ ಸುಮಾರು 0.16 ಚದರ ಸೆಂ.ಮೀ.; ನೀರಿನಲ್ಲಿ ಅದರ ಸುಮಾರು ಎಂಟು ಸಾವಿರದಲ್ಲೊಂದು ಪಾಲು. ಅನಿಲದಲ್ಲಿ ಓಡಿ ಬಂದ ಅಣು ನೀರಿನ ಪದರದೊಳಗೆ ತೆವಳುತ್ತದೆ. ಆದ್ದರಿಂದ ಇಲ್ಲಿ ನೀರಿನ ಪದರ ತೆಳುವಾಗಿರಬೇಕು, ಅದರ ಮೇಲ್ಮೈ ಪದೇ ಪದೇ ಹೊಸದಾಗುತ್ತಿರಬೇಕು. ಪ್ಯಾಕಿಂಗ್ ಇರುವುದೇ ಅದಕ್ಕಾಗಿ. ಲೂಯಿಸ್ ಮತ್ತು ವಿಟ್ಮನ್ 1924ರಲ್ಲಿ ಮಂಡಿಸಿದ ಈ ಎರಡು ಪದರಗಳ (ಅನಿಲದ ಕಡೆ ಒಂದು, ನೀರಿನ ಕಡೆ ಒಂದು) ಸಿದ್ಧಾಂತವನ್ನು ಪರೀಕ್ಷೆಗೆ ಓದಿ ಬಿಡುವ ಬದಲು ಇಂಥ ಜಾಗದಲ್ಲಿ ಬಳಸಿದರೆ ಅದರ ಬೆಲೆ ಗೊತ್ತಾಗುತ್ತದೆ.

ಹಾಗೆಯೇ, 110 ಮಿ.ಮೀ. ಟವರಿಗೆ 25 ಮಿ.ಮೀ. ತುಂಡು ದೊಡ್ಡದಾಯಿತು. ಟವರಿನ ವ್ಯಾಸದ ಎಂಟನೇ ಒಂದು ಭಾಗ ಮೀರಬಾರದು. ಮೀರಿದರೆ ನೀರು ಗೋಡೆ ಹಿಡಿದು ಇಳಿಯುತ್ತದೆ, ನಡುವೆ ಪ್ಯಾಕಿಂಗ್ ಒಣಗಿರುತ್ತದೆ. 12 ಮಿ.ಮೀ. ತುಂಡು ಹಾಕಿ.

ಅಂತಿಮ_ವರ್ಷ_ಕೆಮಿಕಲ್:
ಸರ್, ಬಾಟಲಿ ನೀವು ಹೇಳಿದಂತೆಯೇ ಬಿಗಿಯಿತು. ನಲ್ಲಿಯ ನೀರನ್ನು ನೇರ ಹರಿಸಿದಾಗ ಅಂಕಿ 31ರಲ್ಲೇ ನಿಂತಿತು, ಏರಲೇ ಇಲ್ಲ. 12 ಮಿ.ಮೀ. ತುಂಡು ಹಾಕಿ, ಗ್ಯಾಸ್ ಹರಿವನ್ನು ಅರ್ಧಕ್ಕೆ ಇಳಿಸಿದ ಮೇಲೆ 17! ಆದರೆ ಗಂಟೆಗೆ 600 ಲೀಟರ್ ನೀರು ಚೆಲ್ಲಲು ನಮ್ಮ ಊರಿನಲ್ಲಿ ಸಾಧ್ಯವಿಲ್ಲ. ಡ್ರಮ್ಮಿಗೆ ಗಾಳಿ ಊದಿ, ಕರಗಿದ ಅನಿಲವನ್ನು ಹೊರಹಾಕಿ, ನೀರನ್ನು ಮತ್ತೆ ಬಳಸಬಹುದೇ? ಶೇ. 90 ಮೀಥೇನ್ ತಲುಪುವ ಆಸೆಯಿದೆ.

ಹಳೆಯ_ಪ್ಲಾಂಟ್_ಎಂಜಿನಿಯರ್:
ಗಾಳಿ ಊದುವುದು ಸರಿಯಾದ ದಾರಿ. ಆದರೆ ಮುಚ್ಚಿದ ಡ್ರಮ್ಮಿನಲ್ಲಿ ಬೇಡವೇ ಬೇಡ. ನೀರಿನ ಜೊತೆ ಸ್ವಲ್ಪ ಮೀಥೇನ್ ಬರುತ್ತದೆ. ಗಾಳಿಯಲ್ಲಿ ಅದು ಶೇ. 5ರಿಂದ 15ರಷ್ಟಿದ್ದರೆ ಒಂದು ಕಿಡಿ ಸಾಕು. ಬಯಲಿನಲ್ಲಿ, ಮೇಲ್ಭಾಗ ತೆರೆದ ಎರಡನೇ ಟವರ್ ನಿಲ್ಲಿಸಿ, ಅದರಲ್ಲಿ ನೀರು ಇಳಿಸುತ್ತ ಕೆಳಗಿನಿಂದ ಬ್ಲೋವರ್ ಗಾಳಿ ಬಿಡಿ. ಎರಡು ಟವರುಗಳ ನಡುವೆ ಯು ಆಕಾರದ ನೀರಿನ ತಡೆ ಇರಲಿ, ಗಾಳಿ ಹಿಂದಕ್ಕೆ ನುಗ್ಗಬಾರದು.

ಶೇ. 90 ಬೇಕೆಂದರೆ ಎರಡು ದಾರಿ. ಒಂದು ಕಾಸ್ಟಿಕ್ ಸೋಡಾ: ಇಂಗಾಲದ ಡೈಆಕ್ಸೈಡ್‌ನ ಪ್ರತಿ ಅಣುವಿಗೆ ಎರಡು ಸೋಡಾ ಅಣು ಬೇಕು, ಗಂಟೆಗೆ 1 ಘನ ಮೀಟರ್ ಗ್ಯಾಸಿಗೆ ಸುಮಾರು 1.3 ಕಿಲೋ ಖರ್ಚಾಗುತ್ತದೆ. ಪ್ರದರ್ಶನಕ್ಕೆ ಸರಿ, ದಿನನಿತ್ಯಕ್ಕೆ ಕೈಗೆ ಎಟುಕದು. ಇನ್ನೊಂದು ಒತ್ತಡ. ಕಾರ್ಖಾನೆಗಳಲ್ಲಿ ನೀರಿನಿಂದ ತೊಳೆಯುವಾಗ 6ರಿಂದ 10 ಬಾರ್ (1 ಬಾರ್ ಎಂದರೆ ಸುಮಾರು ಸಾಮಾನ್ಯ ವಾಯುಒತ್ತಡ) ಇಡುವುದು ಇದಕ್ಕಾಗಿಯೇ. 8 ಬಾರ್‌ನಲ್ಲಿ ಅದೇ ಲೀಟರ್ ನೀರು ಎಂಟು ಪಟ್ಟು ಹೊರುತ್ತದೆ, ನೀರಿನ ಅಗತ್ಯ ಎಂಟನೇ ಒಂದಕ್ಕೆ ಇಳಿಯುತ್ತದೆ.

ಒತ್ತಡದ ದಾರಿ ಹಿಡಿದರೆ ಈಗಿರುವ ಪಿವಿಸಿ ಟವರನ್ನು ಅದಕ್ಕೆ ಬಳಸಬೇಡಿ. ಅನಿಲದ ಒತ್ತಡಕ್ಕೆ ಪಿವಿಸಿ ಒಡೆದರೆ ಗಾಜಿನಂತೆ ಚೂರಾಗಿ ಸಿಡಿಯುತ್ತದೆ. ಸ್ಟೀಲ್ ಟವರ್ ಮಾಡಿಸಿ, ಮೊದಲು ನೀರು ತುಂಬಿ ಒತ್ತಡದ ಪರೀಕ್ಷೆ ಮಾಡಿಸಿ, ಸೇಫ್ಟಿ ವಾಲ್ವ್ ಕೂರಿಸಿ. ಗ್ಯಾಸಿಗೆ ಒಪ್ಪುವ ಕಂಪ್ರೆಸರೇ ಬೇಕು, ಪಂಕ್ಚರ್ ಅಂಗಡಿಯದ್ದು ಆಗದು. ನಕ್ಷೆ ಬರೆದು ಇಲ್ಲಿ ಹಾಕಿ, ವೆಲ್ಡಿಂಗಿಗೆ ಕೊಡುವ ಮುಂಚೆ ನೋಡಿ ಹೇಳುತ್ತೇನೆ.