44ನೇ ವಯಸ್ಸಿಗೆ ದೂರಶಿಕ್ಷಣದಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ): ಅಂಗಡಿ ಲೆಕ್ಕ ಬಿಟ್ಟು ಬರಬಹುದಾ?

ಚೌಕಿಪೇಟೆ ಲೆಕ್ಕದವಳು:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಬಿಕಾಂ ಆದ ಮೇಲೆ ಮದುವೆ, ಸಂಸಾರ ಅಂತ ಸ್ವಲ್ಪ ವರ್ಷ ಮನೆಯಲ್ಲಿದ್ದೆ. ಆಮೇಲೆ ಚೌಕಿಪೇಟೆಯ ಒಂದು ಹೋಲ್‌ಸೇಲ್ ಅಂಗಡಿಗೆ ಲೆಕ್ಕ ಬರೆಯಲು ಸೇರಿದೆ. 19 ವರ್ಷ ಆಯ್ತು. ಟ್ಯಾಲಿ, ಜಿಎಸ್‌ಟಿ, ಉದ್ರಿ ವಸೂಲಿ, ಎಲ್ಲಾ ನಾನೇ. ಮಾಲೀಕರು ಒಳ್ಳೆಯವರು, ಕೆಲಸದ ಮೇಲೆ ಬೇಜಾರೇನೂ ಇಲ್ಲ.

ಹೋದ ವರ್ಷ ಅಮ್ಮನಿಗೆ ಹುಷಾರಿಲ್ಲದೆ 11 ದಿನ ಆಸ್ಪತ್ರೆಯಲ್ಲಿದ್ದೆ. ಪಕ್ಕದ ಬೆಡ್‌ನಲ್ಲಿ ಜಗಳೂರು ಕಡೆಯವರೊಬ್ಬರು, ಕಿಡ್ನಿ ತೊಂದರೆ. ಅವರ ಹೆಂಡತಿ ರೇಷನ್ ಕಾರ್ಡು, ಆಧಾರು, ಹಳೆ ಚೀಟಿಗಳನ್ನೆಲ್ಲಾ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಆ ಕೌಂಟರಿಂದ ಈ ಕೌಂಟರಿಗೆ ಅಲೆಯುತ್ತಿದ್ದರು. ಗಂಡನ ಹೆಸರು ಆಧಾರಿನಲ್ಲಿ ಒಂದು ಥರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ. ಮೂರು ದಿನ ಬರೀ ‘ನಾಳೆ ಬಾರಮ್ಮ’. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತೆ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ. ನಾಲ್ಕನೇ ದಿನ ನಾನೇ ಜೊತೆಗೆ ಹೋದೆ. ಕಾಗದಗಳನ್ನು ಒಂದೊಂದಾಗಿ ಜೋಡಿಸಿ ಅಲ್ಲಿನ ಸೋಷಿಯಲ್ ವರ್ಕರ್ ಮೇಡಂ ಮುಂದೆ ಇಟ್ಟೆ. ಅರ್ಧ ಗಂಟೆಯಲ್ಲಿ ದಾರಿ ಸಿಕ್ಕಿತು. ಎದ್ದು ಬರುವಾಗ ಆ ಮೇಡಂ, ‘ನೀವು ಯಾವ ಸಂಸ್ಥೆಯವರು?’ ಅಂತ ಕೇಳಿದರು. ಅವತ್ತಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಈಗ ಎಂಎಸ್‌ಡಬ್ಲ್ಯೂ ಓದಬೇಕು ಅಂತ ಮನಸ್ಸು. ಕೆಲಸ ಬಿಡೋ ಹಾಗಿಲ್ಲ, ಮಗಳು ಪಿಯುಸಿ. ಅದಕ್ಕೇ ಆನ್‌ಲೈನ್ ಅಥವಾ ದೂರಶಿಕ್ಷಣ. ಒಬ್ಬ ಏಜೆಂಟ್, ‘ಒಂದೇ ವರ್ಷಕ್ಕೆ ಮುಗಿಸಿಕೊಡ್ತೀವಿ, ಫೀಲ್ಡ್ ವರ್ಕ್ ರಿಪೋರ್ಟನ್ನೂ ನಾವೇ ಬರೆದುಕೊಡ್ತೀವಿ’ ಅಂದ. ಅದು ಸರಿ ಅನ್ನಿಸಲಿಲ್ಲ. ಓದಿದವರು ಯಾರಾದರೂ ಇದ್ದರೆ ಹೇಳಿ. ನನ್ನ ಇಂಗ್ಲಿಷ್ ಸುಮಾರು. ಈ ವಯಸ್ಸಿಗೆ ಕೆಲಸ ಯಾರು ಕೊಡ್ತಾರೆ ಅನ್ನೋ ಭಯವೂ ಇದೆ.

ದುರ್ಗದ ಹಳೆ ರೆಪ್:

ಮೇಡಂ, ಆ ಏಜೆಂಟ್ ಹತ್ತಿರ ಮತ್ತೆ ಹೋಗಬೇಡಿ. ಅವನು ಬರೆದುಕೊಡ್ತೀನಿ ಅಂದ ರಿಪೋರ್ಟೇ ಈ ಓದಿನ ಜೀವ.

ನಾನು ಚಿತ್ರದುರ್ಗದವನು, ಈಗ 51. ಮೊದಲು ಮೆಡಿಕಲ್ ರೆಪ್ ಆಗಿದ್ದೆ. 43ನೇ ವಯಸ್ಸಿಗೆ ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಎಂಎಸ್‌ಡಬ್ಲ್ಯೂಗೆ ಸೇರಿದೆ. ಯಾವ ಡಿಗ್ರಿ ಇದ್ದರೂ ಸೇರಬಹುದು, ನಿಮ್ಮ ಬಿಕಾಂ ಸಾಕು. ಕಡಿಮೆ ಅಂದ್ರೆ 2 ವರ್ಷ ಬೇಕು. ಆಗದಿದ್ದರೆ 4 ವರ್ಷದವರೆಗೆ ಎಳೆದುಕೊಂಡು ಹೋಗಬಹುದು. ಜನವರಿ, ಜುಲೈ ಎರಡು ಸಲ ಅಡ್ಮಿಷನ್. ಪರೀಕ್ಷೆ ಜೂನ್‌ನಲ್ಲಿ, ಡಿಸೆಂಬರ್‌ನಲ್ಲಿ. ನಾನು ಮೂರು ವರ್ಷ ತೆಗೆದುಕೊಂಡೆ. ಪುಸ್ತಕ ಇಂಗ್ಲಿಷ್‌ನಲ್ಲಿತ್ತು. ಪ್ರತಿ ಪಾಠವನ್ನೂ ಮೊದಲು ಕನ್ನಡದಲ್ಲಿ ಹೆಂಡತಿಗೆ ಹೇಳುತ್ತಿದ್ದೆ. ಅವಳಿಗೆ ಅರ್ಥ ಆದ ಮೇಲೆ ಅಸೈನ್‌ಮೆಂಟ್ ಬರೆಯುತ್ತಿದ್ದೆ. ಮೊದಲ ಆರು ತಿಂಗಳು ಕಷ್ಟ, ಆಮೇಲೆ ಕೈ ಪಳಗುತ್ತೆ.

ಓದೋದು ರಾತ್ರಿ ಮನೆಯಲ್ಲಿ ಆಗುತ್ತೆ. ಫೀಲ್ಡ್ ವರ್ಕ್ ಹಾಗಲ್ಲ. ಒಂದು ಸಂಸ್ಥೆಗೆ ಹೋಗಬೇಕು, ಜನರ ಮನೆಗೆ ಹೋಗಬೇಕು, ಪ್ರತಿ ದಿನದ್ದೂ ಜರ್ನಲ್ ಬರೆದು ಸೂಪರ್‌ವೈಸರ್‌ಗೆ ತೋರಿಸಬೇಕು. ನನ್ನ ಮೊದಲ ಹೋಮ್ ವಿಸಿಟ್ ಚಳ್ಳಕೆರೆ ಕಡೆಯ ಒಂದು ಹಳ್ಳಿಗೆ. ಒಂಬತ್ತನೇ ಕ್ಲಾಸಿನ ಹುಡುಗಿ ಸ್ಕೂಲು ಬಿಟ್ಟಿದ್ದಳು, ಮನೆಯಲ್ಲಿ ಮದುವೆ ಮಾತು ನಡೆದಿತ್ತು. ಅಪ್ಪನ ಹತ್ತಿರ ಒಂದು ಗಂಟೆ ಮಾತಾಡಿದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ, 18 ವರ್ಷ, ಶಿಕ್ಷೆ, ಎಲ್ಲಾ ಹೇಳಿದೆ. ರಾತ್ರಿ ಕೂತು ಮೂರು ಪುಟ ಜರ್ನಲ್ ಬರೆದೆ. ಸೂಪರ್‌ವೈಸರ್ ಪೂರ್ತಿ ಓದಿ ಒಂದೇ ಮಾತು ಕೇಳಿದರು: ‘ಹುಡುಗಿ ಏನಂದಳು?’

ಮೂರು ಪುಟದಲ್ಲಿ ಅವಳ ಒಂದು ಮಾತೂ ಇರಲಿಲ್ಲ. ಅವಳು ಬಾಗಿಲ ಹಿಂದೆ ಶೇಂಗಾ ಸುಲಿಯುತ್ತಾ ಕೂತಿದ್ದಳು, ನಾನು ಕೇಳೇ ಇರಲಿಲ್ಲ. ಮುಂದಿನ ವಾರ ಮತ್ತೆ ಹೋದೆ. ಈ ಸಲ ಅಂಗನವಾಡಿ ಟೀಚರ್ ಜೊತೆಗಿದ್ದರು. ಊರಿನ ಬಸ್ಸು ಸ್ಕೂಲು ಬಿಡುವ ಹೊತ್ತಿಗೆ ಮುಂಚೆಯೇ ಹೊರಟುಬಿಡುತ್ತೆ, ಕತ್ತಲಲ್ಲಿ ಎರಡು ಮೈಲಿ ನಡೆಯಬೇಕು, ದಾರಿಯಲ್ಲಿ ಹುಡುಗರ ಕಾಟ, ಅದಕ್ಕೇ ಬಿಟ್ಟೆ ಅಂದಳು. ಅಪ್ಪನ ಭಯವೂ ಅದೇ. ಕೊನೆಗೆ ಅವಳನ್ನು ಹಾಸ್ಟೆಲ್‌ಗೆ ಸೇರಿಸಿದೆವು, ಮದುವೆ ಮಾತು ತಾನಾಗೇ ನಿಂತಿತು. ಇದನ್ನು ಯಾವ ಏಜೆಂಟ್ ಬರೆದುಕೊಡ್ತಾನೆ ಹೇಳಿ?

ಗಾಜಿನಮನೆ ಹತ್ತಿರದವ:

ಸೇರುವ ಮುಂಚೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ದೂರಶಿಕ್ಷಣ ಬ್ಯೂರೋ ವೆಬ್‌ಸೈಟಿನಲ್ಲಿ ಆ ವಿಶ್ವವಿದ್ಯಾಲಯ, ಆ ಕೋರ್ಸು, ಆ ವರ್ಷ, ಮೂರನ್ನೂ ನೋಡಿ. ವಿಶ್ವವಿದ್ಯಾಲಯಕ್ಕೆ ಅನುಮತಿ ಇದ್ದು ಕೋರ್ಸಿಗೆ ಇಲ್ಲದೇ ಇರಬಹುದು. ಅನುಮತಿ ಇದ್ದರೆ ಆ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಅಂತ 2022ರಲ್ಲಿ ಯುಜಿಸಿಯೇ ಹೇಳಿದೆ. ದಿನಾ ಹೋಗಿಬರಲು ಆಗೋದಾದರೆ ನಮ್ಮ ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯದಲ್ಲೂ ಎಂಎಸ್‌ಡಬ್ಲ್ಯೂ ಇದೆ.

ಮಕ್ಕಳ ಕೆಲಸದವಳು:

ಅಕ್ಕಾ, ನಾನು ಮಕ್ಕಳ ರಕ್ಷಣೆಯ ಕೆಲಸದಲ್ಲಿದ್ದೀನಿ. ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಖಾಯಂ ಸರ್ಕಾರಿ ಹುದ್ದೆಗೆ ನಮ್ಮ ವಯಸ್ಸು ದಾಟಿದೆ. ಮಕ್ಕಳ ರಕ್ಷಣೆಯ ಮಿಷನ್ ವಾತ್ಸಲ್ಯ ಯೋಜನೆ, ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳಿಗೆ ನೆರವಾಗುವ ಸಖಿ ಕೇಂದ್ರ, ಇಲ್ಲೆಲ್ಲಾ ಜಾಸ್ತಿ ಗುತ್ತಿಗೆ ಕೆಲಸ. ಸಂಬಳ ಎರಡು ಮೂರು ತಿಂಗಳು ತಡವಾಗಿದ್ದೂ ಉಂಟು. ಮನೆ ನಡೆಯೋದು ನಿಮ್ಮ ಸಂಬಳದಿಂದಲೇ ಆದರೆ ಅಂಗಡಿ ಈಗಲೇ ಬಿಡಬೇಡಿ.

ಆದರೆ ನಿಮ್ಮ ಲೆಕ್ಕದ ಕೆಲಸವನ್ನು ಕಡಿಮೆ ಅಂದುಕೊಳ್ಳಬೇಡಿ. ಸಣ್ಣ ಸಂಸ್ಥೆಗಳು ಒದ್ದಾಡೋದೇ ಅಲ್ಲಿ. ಬಂದ ಅನುದಾನಕ್ಕೆ ಬಳಕೆ ಪ್ರಮಾಣಪತ್ರ ಕೊಡಬೇಕು. ವಿದೇಶಿ ದೇಣಿಗೆ ಇದ್ದರೆ 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಆಡಳಿತದ ಖರ್ಚು ಶೇ 20 ದಾಟುವ ಹಾಗಿಲ್ಲ. ಹಣವೂ ಮೊದಲು ದೆಹಲಿಯ ಎಸ್‌ಬಿಐ ಖಾತೆಗೇ ಬರಬೇಕು. ಜನರ ಜೊತೆ ಕೂರಲೂ ಬರುತ್ತೆ, ಈ ಲೆಕ್ಕವೂ ಬರುತ್ತೆ ಅನ್ನೋರು ಸಿಗೋದೇ ಅಪರೂಪ. ನಾವು ಅಂಥವರನ್ನು ಹುಡುಕ್ತಾನೇ ಇರ್ತೀವಿ.

ಚೌಕಿಪೇಟೆ ಲೆಕ್ಕದವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆ ಹುಡುಗಿಯ ವಿಷಯ ಮಗಳಿಗೂ ಓದಿ ಹೇಳಿದೆ. ಇವತ್ತು ಮಾಲೀಕರ ಹತ್ತಿರ ಮಾತಾಡಿದೆ. ವಾರದಲ್ಲಿ ಎರಡು ಮಧ್ಯಾಹ್ನ ಬಿಡ್ತೀನಿ, ಜಿಎಸ್‌ಟಿ ಕಟ್ಟೋ ವಾರ ಮಾತ್ರ ಬೇಡ ಅಂದರು. ಸಂಬಳ ಸ್ವಲ್ಪ ಕಡಿಮೆಯಾಗುತ್ತೆ, ಮನೆಯವರು ಒಪ್ಪಿದ್ದಾರೆ. ರೆಪ್ ಸರ್, ಎರಡು ಮಧ್ಯಾಹ್ನ ಮತ್ತು ಭಾನುವಾರ ಸಾಕಾಗುತ್ತಾ?

ದುರ್ಗದ ಹಳೆ ರೆಪ್:

ಎರಡು ವರ್ಷಕ್ಕೆ ಸಾಕಾಗಲ್ಲ ಮೇಡಂ, ಮೂರು ಅಂತ ಇಟ್ಟುಕೊಳ್ಳಿ. ಭಾನುವಾರ ಸ್ಕೂಲು, ಅಂಗನವಾಡಿ, ಆಫೀಸು ಎಲ್ಲಾ ಬಾಗಿಲು. ಆದರೆ ಕೂಲಿಗೆ ಹೋಗುವವರು ಮನೆಯಲ್ಲಿ ಸಿಗೋದು ಅವತ್ತೇ, ಹೋಮ್ ವಿಸಿಟ್ ಆಗ ಇಟ್ಟುಕೊಳ್ಳಿ. ಫಾರ್ಮ್ ತುಂಬುವ ಮುಂಚೆ ಆಸ್ಪತ್ರೆಯ ಆ ಮೇಡಂ ಹತ್ತಿರ ಒಮ್ಮೆ ಹೋಗಿ, ಅಲ್ಲೇ ಫೀಲ್ಡ್ ವರ್ಕ್‌ಗೆ ಅವಕಾಶ ಇದೆಯಾ ಕೇಳಿ. ಅವರಿಗೆ ನಿಮ್ಮ ನೆನಪು ಇದ್ದೇ ಇರುತ್ತೆ.